ಹದಿನೇಳನೇ ಸಾಲಿನ ಇಬ್ಬನಿ

ಸೋಲಾರ್ ಹಲಗೆಗಳ ಹದಿನೇಳನೇ ಸಾಲು. ಹಲಗೆಯ ಇಳಿಜಾರು ಅಂಚಿನಡಿ, ಮಣ್ಣಿನ ತೇವ ಅಳೆಯುತ್ತಿದ್ದ ಸಂಶೋಧಕಿ ಬೋರಲು ಬಿದ್ದಿದ್ದಳು. ತಲೆಯ ಹಿಂಭಾಗ ಒಡೆದಿತ್ತು. ಬಾಯಲ್ಲಿ ಮಣ್ಣು.

"ಬೆಳಗ್ಗೆ ಏಳಕ್ಕೆ ಗೇಟು ತೆಗೆದು ಬಂದೆ, ಹೀಗೇ ಇದ್ಳು. ನಾನು ಮುಟ್ಟಿಲ್ಲ ಮೇಡಂ," ಎಂದ ಸೂಪರ್‌ವೈಸರ್. "ಹಲಗೆಗಳ ಅಡಿ ಮೇಯಿಸೋಕೆ ಬರ್ತಾನಲ್ಲ ಕುರಿಯವನು, ನಿನ್ನೆ ಸಂಜೆ ಇಲ್ಲೇ ನಿಂತು ಕೂಗಾಡಿದ್ದ. ಇವಳ ಉಪಕರಣದಿಂದ್ಲೇ ಕುರಿ ಸಾಯ್ತಿವೆ ಅಂತ. 'ನಿನ್ನ ಬಾಯಿಗೆ ಮಣ್ಣು ಬೀಳ' ಅಂದದ್ದು ಹತ್ತು ಜನ ಕೇಳಿದ್ದಾರೆ. ಆರಕ್ಕೆ ಅವನು ಹೋದ, ನಾನು ಬೀಗ ಹಾಕ್ದೆ. ರಾತ್ರಿಯೆಲ್ಲ ಇಲ್ಲೇ ಬಿದ್ದಿದ್ದಾಳೆ, ಪಾಪ."

ಇನ್ಸ್‌ಪೆಕ್ಟರ್ ಕುಕ್ಕರುಗಾಲಲ್ಲಿ ಕೂತಳು. ಅಂಗಿಯ ಬೆನ್ನು ಮುಟ್ಟಿದಳು. ಒಣಗಿತ್ತು. ಶವ ಎತ್ತಿಸಿದಳು. ಎದೆಯ ಕಡೆ ಪೂರ್ತಿ ಒದ್ದೆ. ಕತ್ತಿನಡಿ, ಮೈ ತಾಗದ ಜಾಗದಲ್ಲಿ, ಹಸಿಮಣ್ಣಿಗೆ ಬೆರಳಿನಿಂದ ಚುಚ್ಚಿದಂತೆ ಸಣ್ಣ ಗುಳಿಗಳ ಸಾಲು. ಇನ್ನೊಂದು ಸಂಗತಿ. ಉಳಿದ ಸಾಲುಗಳ ಅಂಚಿನಡಿ ಹುಲ್ಲು ಹಸಿರಾಗಿತ್ತು, ಇಲ್ಲಿ ಮಾತ್ರ ಸುಟ್ಟು ಹಳದಿಯಾಗಿತ್ತು.

* * *

ಮಧ್ಯಾಹ್ನ ಮೇಲಧಿಕಾರಿಯ ಫೋನು. "ಬಾಯಿಬಿಟ್ಟು ಶಾಪ ಹಾಕಿದ್ದಾನಲ್ರೀ, ಇನ್ನೇನು ಬೇಕು? ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಿ."

ಕುರಿಯವನ ಹೆಂಡತಿ ಬೆಳಗ್ಗೆಯಿಂದ ಠಾಣೆಯ ಮೆಟ್ಟಿಲು ಬಿಟ್ಟು ಕದಲಿರಲಿಲ್ಲ. ಅವಳನ್ನು ದಾಟಿ ಇನ್ಸ್‌ಪೆಕ್ಟರ್ ಒಳಗೆ, ಲಾಕಪ್ಪಿನಲ್ಲಿದ್ದ ಕುರಿಯವನ ಬಳಿಗೆ ಬಂದಳು. ತಪ್ಪಿದರೆ ಒಂದು ಸಂಸಾರವೇ ಬೀದಿಪಾಲು.

"ಬೆಳಗ್ಗೆ ಒಳಗೆ ಬಿಟ್ಟರೆ ಕುರಿ ಮೊದಲು ಎಲ್ಲಿಗೆ ಓಡ್ತವೆ?"

ಇದೆಂಥ ಪ್ರಶ್ನೆ ಎಂದು ಕುರಿಯವನು ಮುಖ ನೋಡಿದ. "ಹಲಗೆ ಅಂಚಿಗೆ. ರಾತ್ರಿ ಹಲಗೆ ಮೇಲೆ ಕೂತ ಇಬ್ಬನಿ ಬೆಳಗಿನ ಜಾವ ಅಲ್ಲಿ ತೊಟ್ಟಿಕ್ಕುತ್ತೆ. ಮಳೆ ಇಲ್ದಿದ್ರೂ ಹುಲ್ಲು ಬರುತ್ತೆ. ಹಲಗೆಯ ನಡುವಿನಡಿ ಬರೀ ಧೂಳು."

"ತೊಟ್ಟಿಕ್ಕೋದು ನಿಲ್ಲೋದು ಯಾವಾಗ?"

"ಬಿಸಿಲು ಬಿದ್ದಾಗ. ಆರೂವರೆ ಅನ್ಕೊಳ್ಳಿ."

* * *

"ಎಂಟು ವರ್ಷದಿಂದ ಹಲಗೆ ನೋಡ್ಕೊಂಡು ಬಂದ್ರಿ," ಎಂದಳು ಇನ್ಸ್‌ಪೆಕ್ಟರ್, ಸೂಪರ್‌ವೈಸರನ ಕೋಣೆಯಲ್ಲಿ. "ಕೆಳಗಿನ ನೆಲ ನೋಡ್ಲೇ ಇಲ್ಲ."

"ಅಂದ್ರೆ?"

"ರಾತ್ರಿಯಿಡೀ ಬಿದ್ದಿದ್ರೆ ಇಬ್ಬನಿ ಅವಳ ಬೆನ್ನ ಮೇಲೆ ಬೀಳ್ಬೇಕಿತ್ತು, ಅಡಿಯ ಮಣ್ಣು ಒಣಗಿರ್ಬೇಕಿತ್ತು. ಇಲ್ಲಿ ಉಲ್ಟಾ. ಹನಿ ಬಿದ್ದ ಗುಳಿಗಳು ಅವಳ ಅಡಿಯಲ್ಲಿವೆ. ಅಂದ್ರೆ ಹನಿ ನಿಂತ ಮೇಲೆ ತಂದು ಹಾಕಿದ್ದು. ಆರೂವರೆ ಆದ್ಮೇಲೆ, ಏಳರ ಒಳಗೆ. ರಾತ್ರಿ ಕಾವಲುಗಾರ ಬೆಳಗ್ಗೆ ಆರಕ್ಕೇ ಮನೆಗೆ ಹೋಗ್ತಾನೆ. ಆಗ ಬೀಗದ ಕೈ ಯಾರ ಹತ್ರ ಇತ್ತು?"

ಸೂಪರ್‌ವೈಸರ್ ಮೇಜಿನ ಮೇಲಿದ್ದ ಬೀಗದ ಕೈ ಗೊಂಚಲನ್ನು ತನ್ನತ್ತ ಎಳೆದುಕೊಂಡ.

"ಅಂಚಿನ ಹುಲ್ಲು ಕೊಯ್ಸೋಕೆ ಸೋಮಾರಿತನ. ಹದಿನೇಳನೇ ಸಾಲಿಗೆ ಕಳೆನಾಶಕ ಹೊಡೆದ್ರಿ. ಕುರಿ ಸತ್ತವು. ಅವಳು ಕಂಡುಹಿಡಿದ್ಲು, ಕೇಳೋಕೆ ನಿನ್ನೆ ಸಂಜೆ ನಿಮ್ಮ ಉಗ್ರಾಣಕ್ಕೆ ಬಂದ್ಲು. ಅಲ್ಲೇ ಕೊಂದು, ಕಾವಲುಗಾರ ಹೋಗೋವರೆಗೂ ಬಚ್ಚಿಟ್ರಿ. ಅಲ್ಲಿ ಡ್ರಮ್ಮಿನ ಹಿಂದೆ ರಕ್ತ ಸಿಕ್ಕಿದೆ, ತಳ್ಳುಗಾಡಿಯ ಚಕ್ರದಲ್ಲೂ ಇದೆ. ಕುರಿಯವನ ಶಾಪ ನಿಮಗೆ ಅನುಕೂಲವಾಯ್ತು. ಜಗಳವಾಡಿದ ಜಾಗಕ್ಕೇ ತಂದು ಹಾಕಿ, ಬಾಯಿಗೆ ಮಣ್ಣೂ ತುಂಬಿದ್ರಿ."

"ಕೆಲಸ ಹೋಗ್ತಿತ್ತು ಮೇಡಂ," ಎಂದ ಅವನು, ನೆಲ ನೋಡುತ್ತ. ಕೈಕೋಳ ಬಿತ್ತು.

* * *

ಸಂಜೆ ಕುರಿಯವನನ್ನು ಬಿಟ್ಟರು. ಸಂಶೋಧಕಿಯ ಟಿಪ್ಪಣಿ ಪುಸ್ತಕದ ಕೊನೆಯ ಪುಟವನ್ನು ಇನ್ಸ್‌ಪೆಕ್ಟರ್ ಅವನಿಗೆ ಓದಿ ಹೇಳಿದಳು: "ಹದಿನೇಳನೇ ಸಾಲಿನ ಹುಲ್ಲಿನಲ್ಲಿ ವಿಷ. ನಾಳೆ ಬೆಳಗ್ಗೆ ಗೇಟಿನಲ್ಲೇ ಕಾದು, ಕುರಿ ಒಳಗೆ ಬಿಡಬೇಡಿ ಅಂತ ಕುರಿಯವರಿಗೆ ಹೇಳಬೇಕು. ಸಿಟ್ಟಲ್ಲಿದ್ದಾರೆ, ಸಮಾಧಾನವಾಗಿ ಹೇಳಬೇಕು."

ಕುರಿಯವನು ಅಲ್ಲೇ ನಿಂತ. ಹೆಂಡತಿ ರಟ್ಟೆ ಹಿಡಿದು ಕರೆದರೂ ಹೆಜ್ಜೆ ಎತ್ತಲಿಲ್ಲ.

"ಅವಳ ಬಾಯಲ್ಲಿ ಮಣ್ಣಿತ್ತಂತೆ. ಹೌದಾ ಮೇಡಂ?"

ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದಳು. ಸುಳ್ಳು ಹೇಳಬೇಕೆನಿಸಿತು, ಆಗಲಿಲ್ಲ.

"ಹೌದು," ಎಂದಳು.