ಎಡಕ್ಕೆ ಹೊಸೆದ ಹುರಿ

“ಅನ್ವಿತಾ ಅಂತ ಹೆಸರು ಕಾಣ್ತಾ ಉಂಟಲ್ಲ, ಅವರು... ನಿಮ್ಮ ಹುರಿ ತಿರುಗಾಮುರುಗಾ ಆಗಿದೆ. ಕೈ ಸ್ವಲ್ಪ ಕ್ಯಾಮರಾದ ಹತ್ತಿರ ತನ್ನಿ.”

ಅನ್ವಿತಾ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಫೋನಿನ ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳು. ಒಂದೊಂದು ಚೌಕದಲ್ಲಿಯೂ ಒಂದೊಂದು ಜೊತೆ ಕೈ. ಬಾಳೆನಾರಿನ ಕರಕುಶಲ ಕಲಿಸುವ ಈ ಆನ್‌ಲೈನ್ ತರಗತಿಯಲ್ಲಿ ಯಾರ ಮುಖವೂ ಕಾಣಿಸಬೇಕಾಗಿಲ್ಲ, ಕೈ ಮಾತ್ರ ಕಾಣಿಸಬೇಕು. ಕಲಿಸುವವನ ಮುಖವೂ ಇಲ್ಲ. ಧ್ವನಿ ಮತ್ತು ಎರಡು ಕೈ, ಅಷ್ಟೇ. ಈ ನಿಯಮ ಮೊದಲೇ ಗೊತ್ತಿದ್ದರೆ ಅವಳು ಬಹುಶಃ ಹೆಸರು ಕೊಡುತ್ತಲೇ ಇರಲಿಲ್ಲ.

ಏಕೆಂದರೆ ಅವಳು ಬಾಲ್ಯದಿಂದ ಅಡಗಿಸಿಕೊಂಡು ಬಂದದ್ದು ಕೈಯನ್ನೇ... ತನ್ನ ಎಡಗೈಯನ್ನು.

ಮೀಂಜ ಎಂಬ ಊರಿನ ಅವರ ಮನೆಯಲ್ಲಿ ಸಂಜೆಯಾದರೆ ಹೆಂಗಸರೆಲ್ಲ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಪುಟ್ಟ ಅನ್ವಿತಾಳ ಎಡಗೈ ನಾರಿನ ಕಡೆಗೆ ಚಾಚಿದ ಕೂಡಲೇ ಅಜ್ಜಿಯ ಮಾತು ಬರುತ್ತಿತ್ತು: “ಎಡಗೈಯಲ್ಲಿ ಕಟ್ಟಿದ ಹೂ ದೇವರಿಗೆ ಆಗ್ಲಿಕ್ಕಿಲ್ಲ ಮಗಾ. ನೀನು ಮೊಗ್ಗು ಆರಿಸು, ಸಾಕು.”

ಉಳಿದ ಹೆಂಗಸರು ನಗುತ್ತಿದ್ದರು. ಅವಳು ಮೊಗ್ಗು ಆರಿಸಿದಳು. ಬರೆಯಲು, ಉಣ್ಣಲು ಬಲಗೈಯನ್ನು ಪಳಗಿಸಿದಳು. ಆದರೆ ಮನಸ್ಸಿಟ್ಟು ಏನನ್ನಾದರೂ ಮಾಡಲು ಹೊರಟಾಗ ಮುಂದೆ ಬರುವುದು ಇಂದಿಗೂ ಎಡಗೈಯೇ. ಯಾರೂ ಗದರಿಸದ ಒಂದು ಮೂಲೆಯಲ್ಲಿ ಕೂತು ಆ ನಾರಿನ ವಿದ್ಯೆಯನ್ನು ಕಲಿಯಬೇಕೆಂದೇ ಅವಳು ಈ ತರಗತಿಗೆ ಸೇರಿದ್ದಳು.

ಮತ್ತು ಇಲ್ಲಿಯೂ ಅದೇ ಮಾತು... ತಿರುಗಾಮುರುಗಾ.

ಅವಳು ಕ್ಯಾಮರಾ ಆಫ್ ಮಾಡಿದಳು.

ಸಂಜೆಯ ಹೊತ್ತಿಗೆ ಒಂದು ಸಂದೇಶ ಬಂತು.

‘ನಾನು ಜಿತೇಂದ್ರ, ಬೆಳ್ಳೂರು. ತಪ್ಪು ನನ್ನದು. ನೀವು ಎಡಗೈಯಲ್ಲಿ ಹೊಸೆಯುತ್ತೀರೆಂಬುದು ನನಗೆ ಹೊಳೆಯಲೇ ಇಲ್ಲ. ನಿಮ್ಮ ಹುರಿ ತಿರುಗಾಮುರುಗಾ ಅಲ್ಲ. ಅದು ಎಡದ ಹುರಿ. ನನಗೆ ಸ್ವಲ್ಪ ಸಮಯ ಕೊಡಿ, ತರಗತಿ ಬಿಡಬೇಡಿ.’

ಎಡದ ಹುರಿ! ಅದಕ್ಕೊಂದು ಹೆಸರೂ ಇದೆಯೇ? ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು.

ಮುಂದಿನ ವಾರ ಒಂದು ವಿಡಿಯೋ ಬಂತು. ಅದೇ ಕೈಗಳು. ಆದರೆ ಈ ಬಾರಿ ನಾರನ್ನು ಹೊಸೆಯುತ್ತಿದ್ದುದು ಎಡಗೈ; ಬಲಗೈ ಸುಮ್ಮನೆ ಹಿಡಿದುಕೊಂಡಿತ್ತು. ಹೊಸೆತ ಬಹಳ ನಿಧಾನವಾಗಿತ್ತು. ತನಗೆ ಅರ್ಥವಾಗಲೆಂದೇ ಅವನು ನಿಧಾನಿಸಿದ್ದಾನೆ ಎಂದು ಅವಳು ತಿಳಿದಳು. ಜೊತೆಯಲ್ಲಿ ಕೂತು ಹೊಸೆದಳು. ನಾರು ಮೊದಲ ಬಾರಿಗೆ ಅವಳ ಮಾತು ಕೇಳಿತು.

ಅನ್ವಿತಾಳಿಗೆ ನಗು ಬಂತು, ಹಿಂದೆಯೇ ಕಣ್ಣೀರೂ ಬಂತು.

ಅಂದಿನಿಂದ ಪ್ರತಿ ತರಗತಿಯ ಹಿಂದೆಯೇ ಅವಳಿಗೊಂದು ವಿಡಿಯೋ ಬರತೊಡಗಿತು. ಹುರಿ, ಜಡೆ, ಗಂಟು, ಬುಟ್ಟಿಯ ತಳ... ಎಲ್ಲವೂ ಎಡಗೈಯಲ್ಲಿ. ವಿಡಿಯೋದ ಜೊತೆಗೆ ಮಾತು, ಮಾತಿನ ಜೊತೆಗೆ ತಮಾಷೆ. ಶಾರ್ಜಾದಲ್ಲಿ ಅಂಗಡಿಯೊಂದರ ಕೆಲಸದಲ್ಲಿದ್ದಾಗ, ಲಾಕ್‌ಡೌನಿನ ಖಾಲಿ ದಿನಗಳಲ್ಲಿ, ಅವನೂ ಈ ವಿದ್ಯೆಯನ್ನು ಆನ್‌ಲೈನ್‌ನಲ್ಲಿಯೇ ಕಲಿತವನಂತೆ.

‘ಮರುಭೂಮಿಯಲ್ಲಿ ಬಾಳೆನಾರು ಎಲ್ಲಿ ಸಿಕ್ಕಿತು ಸರ್?’ ಎಂದು ಅವಳು ಕೇಳಿದಳು.

‘ಸಿಗಲಿಲ್ಲ. ಶೂ ಲೇಸಿನಲ್ಲಿ ಕಲಿತೆ. ರೂಮಿನವರೆಲ್ಲ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋಗುವ ಹಾಗಾಯಿತು.’

ಒಂದು ದಿನ ಅವಳು ಧೈರ್ಯ ಮಾಡಿ ಕೇಳಿದಳು: ‘ನೀವೂ ನನ್ನ ಹಾಗೆ ಎಡಚರಾ?’

ಉತ್ತರ ತಡವಾಗಿ ಬಂತು. ‘ಪಾಠ ಅರ್ಥವಾಯಿತಲ್ಲ? ನನಗೆ ಅಷ್ಟು ಸಾಕು.’

ಅವಳು ಅದನ್ನು ಹೌದೆಂದೇ ಓದಿಕೊಂಡಳು. ನೇರಪ್ರಸಾರದ ತರಗತಿಯಲ್ಲಿ ಅವನು ಬಲಗೈಯಲ್ಲಿ ಹೊಸೆಯುವಂತೆ ಕಾಣುತ್ತಿದ್ದುದು ನಿಜ. ಆದರೆ ಸೆಲ್ಫಿ ಕ್ಯಾಮರಾದಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ಅವಳು ತನಗೆ ತಾನೇ ವಿವರಿಸಿಕೊಂಡಳು. ಅವಳು ಭೌತಶಾಸ್ತ್ರದ ಪದವೀಧರೆ. ಉಪ್ಪಳದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಕನ್ನಡಿಯ ವಿಷಯದಲ್ಲಿ ತಾನು ತಪ್ಪುವುದುಂಟೇ?

ಲೋಕದಲ್ಲಿ ನನ್ನಂಥವನು ಒಬ್ಬನಿದ್ದಾನೆ... ಆ ಯೋಚನೆಯೊಂದೇ ಅವಳ ದಿನಗಳನ್ನು ಬೆಳಗಿಸಿಬಿಟ್ಟಿತು.

“ಮುಖ ನೋಡಿ ಬಿದ್ದವರನ್ನು ಕಂಡಿದ್ದೇನೆ. ಕೈ ನೋಡಿ ಬಿದ್ದವಳು ನೀನೊಬ್ಬಳೇ ಮಾರಾಯ್ತಿ,” ಎಂದಳು ಅಂಗಡಿಯ ಜೊತೆಗಾತಿ ದೀಕ್ಷಿತಾ, ಕನ್ನಡಕವೊಂದನ್ನು ಒರೆಸುತ್ತಾ.

“ಬಿದ್ದದ್ದು ಯಾರು?”

“ನೀನು. ಮೊನ್ನೆ ಆ ಮುದುಕರಿಗೆ ಓದುವ ಕನ್ನಡಕದ ಬದಲು ಕೂಲಿಂಗ್ ಗ್ಲಾಸ್ ಕೊಟ್ಟು ಕಳಿಸಿದವಳು ಮತ್ಯಾರು? ಅವರು ಖುಷಿಯಲ್ಲೇ ಹೋದರು, ಅದು ಬೇರೆ ವಿಷಯ.”

ಒಂದು ಸಂಜೆ ಯಾರಿಗೂ ತಿಳಿಯದಂತೆ ಅನ್ವಿತಾ ಒಂದು ಚೆಂಡು ಮಲ್ಲಿಗೆಯನ್ನು ಎಡಗೈಯಲ್ಲೇ ಕಟ್ಟಿ ದೇವರ ಕೋಣೆಯಲ್ಲಿಟ್ಟಳು. ಅಜ್ಜಿ ಅದನ್ನು ಎತ್ತಿ ನೋಡಿ, “ಇದು ಯಾರು ಕಟ್ಟಿದ್ದು? ಒಳ್ಳೆ ಗಟ್ಟಿ ಉಂಟು,” ಎಂದು ದೇವರಿಗೆ ಏರಿಸಿದರು. ಅನ್ವಿತಾ ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ತರಗತಿಯ ಕೊನೆಯ ಪಾಠವನ್ನು ಎಲ್ಲರೂ ಒಟ್ಟಿಗೆ ಕೂತು ಮಾಡುವುದೆಂದು ನಿರ್ಧಾರವಾಯಿತು. ಪ್ರತಿಯೊಬ್ಬರೂ ಮನೆಯಲ್ಲಿ ಹೊಸೆದ ಹುರಿಯನ್ನು ಬಂದ್ಯೋಡಿನ ಸಭಾಂಗಣಕ್ಕೆ ತರಬೇಕು. ಅವನ್ನು ಸಾಲಾಗಿ ಜೋಡಿಸಿ ಹೊಲಿದು ಊರ ಗ್ರಂಥಾಲಯಕ್ಕೊಂದು ಚಾಪೆ ಮಾಡಬೇಕು.

ಅನ್ವಿತಾ ಹಸಿರು ಚೂಡಿದಾರ ತೊಟ್ಟು, ತನ್ನ ಹುರಿಯ ಉಂಡೆಯನ್ನು ಎದೆಗವಚಿಕೊಂಡು ಬಂದಳು. ಬಾಗಿಲಲ್ಲಿ ನಿಂತಿದ್ದ ಎತ್ತರದ ಯುವಕ ಅವಳ ಮುಖವನ್ನಲ್ಲ, ಮೊದಲು ಅವಳ ಕೈಗಳನ್ನು ನೋಡಿದ.

“ಅನ್ವಿತಾ... ಅಲ್ವಾ?”

ಆ ಧ್ವನಿ! ಅವಳು ತಲೆಯಾಡಿಸಿದಳು. ಹೇಳಬೇಕೆಂದು ಸಿದ್ಧಪಡಿಸಿಕೊಂಡಿದ್ದ ಮಾತುಗಳೆಲ್ಲ ಉಪ್ಪಳದ ಬಸ್ಸಿನಲ್ಲಿಯೇ ಉಳಿದುಹೋಗಿದ್ದವು.

ಅಷ್ಟರಲ್ಲಿ ಯಾರೋ ಕರೆದರು. ಜಿತೇಂದ್ರ ಒಳಗೆ ಹೋಗಿ ಕತ್ತರಿ ಎತ್ತಿಕೊಂಡ, ಬಲಗೈಯಲ್ಲಿ. ನಾರು ಬಿಡಿಸಿದ, ಬಲಗೈಯಲ್ಲಿ. ಎಲ್ಲರೆದುರು ಒಂದು ಮೊಳ ಹುರಿಯನ್ನು ಸರಸರನೆ ಹೊಸೆದು ತೋರಿಸಿದ. ವಿಡಿಯೋದಲ್ಲಿದ್ದ ಆ ನಿಧಾನ ಎಲ್ಲಿಯೂ ಇರಲಿಲ್ಲ. ಹುಟ್ಟಾ ಬಲಗೈಯವನ ಸಲೀಸು ಅದು.

ಅನ್ವಿತಾ ಹುರಿಯ ಉಂಡೆಯನ್ನು ಕೆಳಗಿಟ್ಟು ಹತ್ತಿರ ಹೋದಳು.

“ಸರ್, ನೀವು... ಎಡಚರಲ್ವಾ?”

ಅವನು ಹುರಿಯಿಂದ ತಲೆ ಎತ್ತಿದ. “ಅಲ್ಲ.”

“ಹಾಗಾದರೆ ಆ ವಿಡಿಯೋಗಳು?”

ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಸುಕುಮಾರ ಎಂಬ ಸಹಪಾಠಿ ನಕ್ಕ. “ಅದೆಂತ ದೊಡ್ಡ ವಿದ್ಯೆ ಮಾರಾಯ್ರೆ? ಆ್ಯಪಿನಲ್ಲಿ ಒಂದು ಬಟನ್ ಉಂಟು. ಒತ್ತಿದರೆ ಎಡ ಇದ್ದದ್ದು ಬಲ, ಬಲ ಇದ್ದದ್ದು ಎಡ. ಎರಡು ಸೆಕೆಂಡಿನ ಕೆಲಸ.”

ಸುತ್ತಲಿನವರೆಲ್ಲ ನಕ್ಕರು. ಯಾರ ನಗುವಿನಲ್ಲಿಯೂ ವಿಷವಿರಲಿಲ್ಲ. ಆದರೆ ಅನ್ವಿತಾಳಿಗೆ ಕೇಳಿಸಿದ್ದು ಹಳೆಯ ಜಗಲಿಯ ನಗು.

ಒಂದು ಬಟನ್... ನಾನು ಇಷ್ಟು ದಿನ ನನ್ನವನೆಂದು ಅಂದುಕೊಂಡದ್ದು ಒಂದು ಬಟನ್ನನ್ನೇ?

“ಅನ್ವಿತಾ, ಒಂದು ನಿಮಿಷ...”

“ನೀವು ಕಲಿಸಿದ್ದಕ್ಕೆ ಉಪಕಾರ ಸರ್. ಆದರೆ ಎಡಚ ಅಲ್ಲ ಅಂತ ಆವತ್ತೇ ಒಂದು ಮಾತು ಹೇಳಬಹುದಿತ್ತು.” ಅವಳು ತನ್ನ ಉಂಡೆಯನ್ನು ಎತ್ತಿಕೊಂಡಳು. “ಇದು ನಿಮ್ಮ ಚಾಪೆಗೆ ಹೊಂದುವುದಿಲ್ಲ.”

ಅವಳು ಹೊರಬಂದು ಮೊದಲು ಸಿಕ್ಕ ಬಸ್ಸು ಹತ್ತಿದಳು. ಕಿಟಕಿಯಿಂದ ನೋಡಿದಾಗ ಜಿತೇಂದ್ರ ಹೆದ್ದಾರಿಯ ಆಚೆ ನಿಂತಿದ್ದ. ಅವನ ಕೈಯಲ್ಲಿ ಅರ್ಧ ಹೊಸೆದ ಹುರಿ ನೇತಾಡುತ್ತಿತ್ತು.

ಮರುದಿನ ಅವನಿಂದ ಬಂದದ್ದು ಒಂದೇ ಸಂದೇಶ. ‘ಚಾಪೆಯ ಮೂಲೆ ಮೇಲೇಳುತ್ತಿದೆ. ನಿಮ್ಮ ಹುರಿ ಬೇಕು.’

ಕರುಣೆ ತೋರಿಸುತ್ತಿದ್ದಾನೆ ಎಂದುಕೊಂಡು ಅವಳು ಉತ್ತರಿಸಲಿಲ್ಲ.

ಆ ಬೆಳಿಗ್ಗೆ ಅಂಗಡಿಗೆ ಹೊಸ ಅಕ್ಷರಫಲಕ ಬಂದಿತ್ತು. ಕಣ್ಣು ಪರೀಕ್ಷಿಸುವ ಕೋಣೆ ತೀರಾ ಚಿಕ್ಕದು. ಆದ್ದರಿಂದ ಫಲಕವನ್ನು ರೋಗಿಯ ತಲೆಯ ಹಿಂದೆ ತೂಗುಹಾಕಿ, ಎದುರಿನ ಕನ್ನಡಿಯಲ್ಲಿ ಓದಿಸುತ್ತಿದ್ದರು. ಅದರ ಅಕ್ಷರಗಳೆಲ್ಲ ಎಡಬಲ ತಿರುಗಿ ಅಚ್ಚಾಗಿರಬೇಕಿತ್ತು.

“ಹಾಳಾಯ್ತು, ಇವರು ಸರಿಯಾದ್ದನ್ನೇ ಕಳಿಸಿದ್ದಾರೆ,” ಎಂದು ದೀಕ್ಷಿತಾ ಗೊಣಗಿದಳು. “ನೋಡು, ಕನ್ನಡಿಯಲ್ಲಿ ಎಲ್ಲ ಉಲ್ಟಾ ಕಾಣ್ತದೆ.”

ಅನ್ವಿತಾ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಫೋನ್ ಹಿಡಿದು ಆ ವಿಡಿಯೋಗಳನ್ನು ಒಂದೊಂದಾಗಿ ಅಳಿಸಲು ಕೂತಿದ್ದಳು. ಮೊದಲನೆಯದನ್ನು ಕೊನೆಯ ಬಾರಿಗೆ ತೆರೆದಳು. ಕೈಗಳ ಹಿಂದೆ ಗೋಡೆ. ಗೋಡೆಯ ಮೇಲೊಂದು ಕ್ಯಾಲೆಂಡರ್. ಇಷ್ಟು ದಿನವೂ ಅವಳ ಕಣ್ಣು ಬೆರಳುಗಳನ್ನು ದಾಟಿ ಅಲ್ಲಿಗೆ ಹೋಗಿರಲೇ ಇಲ್ಲ.

ಕ್ಯಾಲೆಂಡರಿನ ತಲೆಯಲ್ಲಿ ಕೆಂಪಕ್ಷರದ ಸಾಲು: ಕಿಟ್ಟಣ್ಣ ಬೇಕರಿ, ಬಂದ್ಯೋಡು.

ಅವಳು ಸಲೀಸಾಗಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದಳು.

ಓದಲು ಬರುತ್ತಿದೆ!

“ದೀಕ್ಷಿತಾ... ವಿಡಿಯೋ ತಿರುಗಿಸಿದರೆ ಅದರೊಳಗಿನ ಅಕ್ಷರ ಎಂತ ಆಗ್ತದೆ?”

“ಅಕ್ಷರವೂ ತಿರುಗ್ತದೆ. ಎಂತ ಪ್ರಶ್ನೆ ಇದು? ದಿನಾ ಇದೇ ಕೆಲಸ ಅಲ್ವಾ ನಮ್ಮದು?”

“ಇದನ್ನು ಓದು.”

ದೀಕ್ಷಿತಾ ಬಗ್ಗಿ ಓದಿದಳು; ಅನಂತರ ನಿಧಾನವಾಗಿ ತಲೆ ಎತ್ತಿದಳು. “ಅಂದರೆ ಇದನ್ನು ತಿರುಗಿಸಲೇ ಇಲ್ಲ. ಆ ಜನ ನಿಜವಾಗಿ ಎಡಗೈಯಲ್ಲೇ ಹೊಸೆದದ್ದು.”

ಅನ್ವಿತಾ ಎಲ್ಲ ವಿಡಿಯೋಗಳನ್ನೂ ತೆರೆದಳು. ಎಲ್ಲದರಲ್ಲಿಯೂ ಅಕ್ಷರಗಳು ನೇರವಾಗಿದ್ದವು. ಮೊದಲನೆಯದರಲ್ಲಿ ನಾರು ಅವನ ಬೆರಳಿನಿಂದ ಜಾರುತ್ತಿತ್ತು; ಹೆಬ್ಬೆರಳು ದಾರಿ ತಪ್ಪಿದ ಮಗುವಿನಂತೆ ಅತ್ತಿತ್ತ ಹುಡುಕುತ್ತಿತ್ತು. ಅದು ಅವಳಿಗಾಗಿ ತೋರಿದ ನಿಧಾನವಾಗಿರಲಿಲ್ಲ. ಆ ಕೈಗೆ ಆಗ ಅಷ್ಟೇ ಬರುತ್ತಿತ್ತು. ಒಂದು ಬಟನ್ ಒತ್ತಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಅವನು ತನ್ನ ಎಡಗೈಯನ್ನೇ ಮೊದಲಿನಿಂದ ಪಳಗಿಸಿದ್ದ.

“ಮಧ್ಯಾಹ್ನ ರಜೆ ತೆಗೋ,” ಎಂದಳು ದೀಕ್ಷಿತಾ. “ಇಲ್ಲದಿದ್ದರೆ ಇವತ್ತು ಯಾರಿಗೆ ಎಂತ ಕನ್ನಡಕ ಕೊಡ್ತಿಯೋ.”

ಅವನನ್ನು ಹುಡುಕಲು ಅವಳಿಗಿದ್ದ ಗುರುತು ಆ ಕ್ಯಾಲೆಂಡರಿನ ಹೆಸರೊಂದೇ. ಬಂದ್ಯೋಡಿನಲ್ಲಿ ಕಿಟ್ಟಣ್ಣ ಬೇಕರಿಯನ್ನು ಹುಡುಕಬೇಕಾಗಿರಲಿಲ್ಲ. ಕೌಂಟರಿನ ಹಿಂದಿದ್ದ ದಪ್ಪ ಮೀಸೆಯ ಮನುಷ್ಯ ಅವಳು ಮನೆಗೆ ಹೋಗಿ ತಂದಿದ್ದ ಹುರಿಯ ಉಂಡೆಯನ್ನು ನೋಡಿದ.

“ಓಹೋ. ನನ್ನ ಗ್ಲಾಸ್ ಒಡೆಸಿದವಳು ನೀನಾ?”

“ನಾನಾ? ಯಾವ ಗ್ಲಾಸ್?”

“ನನ್ನ ತಂಗಿಯ ಮಗ ಉಂಟಲ್ಲ, ಜಿತೇಂದ್ರ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ಹಿಂದಿನ ಕೋಣೆಯಲ್ಲಿ ಕೂರ್ತಾನೆ. ಕೈಗೆ ಅಭ್ಯಾಸ ಆಗಬೇಕಂತೆ, ಚಹಾ ಎಡಗೈಯಲ್ಲಿ, ಬಾಗಿಲು ತೆರೆಯುವುದು ಎಡಗೈಯಲ್ಲಿ. ಬಲಗೈಗೆ ಎಂತ ಆಯ್ತು ಮಾರಾಯ ಅಂತ ಕೇಳಿದರೆ, ಅದಕ್ಕೆ ರಜೆ ಮಾವ ಅಂತಾನೆ. ನನ್ನ ಗ್ಲಾಸುಗಳಿಗೂ ರಜೆ ಸಿಕ್ಕಿತು.” ಅವನು ಒಳಬಾಗಿಲಿನ ಕಡೆಗೆ ಗದ್ದ ತೋರಿಸಿದ. “ಒಳಗೇ ಇದ್ದಾನೆ. ಎರಡು ದಿನದಿಂದ ಒಂದು ಚಾಪೆಯ ಜೊತೆ ಜಗಳ.”

ಜಿತೇಂದ್ರ ನೆಲದ ಮೇಲೆ ಕೂತಿದ್ದ. ಚಾಪೆಯ ಒಂದು ಮೂಲೆಯನ್ನು ಒತ್ತಿದರೆ ಇನ್ನೊಂದು ಮೂಲೆ ಏಳುತ್ತಿತ್ತು. ಅವಳನ್ನು ಕಂಡು ಅವನು ಎದ್ದುನಿಂತ. ಅವನು ಕೈ ತೆಗೆದದ್ದೇ ತಡ, ನಾಲ್ಕು ಮೂಲೆಗಳೂ ಮೇಲೆದ್ದವು.

“ಕ್ಯಾಲೆಂಡರ್ ಓದಿದೆ,” ಎಂದಳು ಅನ್ವಿತಾ.

ಅವನು ಗೋಡೆಯ ಕಡೆಗೆ ನೋಡಿ, ಅರ್ಥವಾದವನಂತೆ ತಲೆ ತಗ್ಗಿಸಿದ.

“ಆವತ್ತೇ ಯಾಕೆ ಹೇಳಲಿಲ್ಲ?”

“ಎಲ್ಲರೆದುರು ಹೇಳಿದರೆ ನಿಮ್ಮ ತಲೆಯ ಮೇಲೆ ಉಪಕಾರ ಹೊರಿಸಿದ ಹಾಗೆ ಆಗ್ತಿತ್ತು. ಎಡಚ ಅಲ್ಲ ಅಂತ ಮೊದಲೇ ಹೇಳಬೇಕಿತ್ತು, ಅದು ನನ್ನ ತಪ್ಪು. ಹೇಳಿದರೆ ನೀವು ಮತ್ತೆ ಒಂಟಿ ಅಂದುಕೊಳ್ತೀರಿ ಅಂತ... ಬಾಯಿ ಬರಲಿಲ್ಲ.”

“ಬಟನ್ ಒತ್ತಬಹುದಿತ್ತಲ್ಲ?”

“ಮೊದಲು ಹಾಗೆಯೇ ಒಂದು ಮಾಡಿ ನೋಡಿದೆ, ಕಳಿಸಲಿಲ್ಲ. ನೋಡುವಾಗ ಕೈ ಎಡಗೈಯಂತೆ ಕಂಡಿತು. ಆದರೆ ನಿಮಗೆ ಎಲ್ಲಿ ಕಷ್ಟ ಆಗ್ತದೆ, ಯಾವ ಬೆರಳು ತಡವರಿಸ್ತದೆ ಅಂತ ನನಗೆ ಗೊತ್ತಾಗಲಿಲ್ಲ. ಗೊತ್ತಿಲ್ಲದ್ದನ್ನು ಕಲಿಸುವುದು ಹೇಗೆ?” ಅವನು ತನ್ನ ಎಡಗೈಯನ್ನು ನೋಡಿಕೊಂಡ. “ಆಮೇಲೆ... ನಿಮ್ಮ ವಿಡಿಯೋ ಮಾಡುವಾಗ ಮಾತ್ರ ಬೆಳಿಗ್ಗೆ ಬೇಗ ಏಳಲಿಕ್ಕೆ ಖುಷಿ ಆಗ್ತಿತ್ತು. ಅದನ್ನೂ ಹೇಳಲಿಲ್ಲ. ಈಗ ಹೇಳ್ತಿದ್ದೇನೆ. ನೀವೆಂದರೆ ನನಗೆ ಇಷ್ಟ ಅನ್ವಿತಾ.”

ಅವಳು ಅವನ ಎಡಗೈಯನ್ನು ನೋಡಿದಳು. ತನ್ನಂಥವನೊಬ್ಬನನ್ನು ಹುಡುಕಿ ಹೊರಟಿದ್ದಳು. ಸಿಕ್ಕವನು ತನ್ನಂಥವನಲ್ಲ... ತನಗಾಗಿ ತನ್ನ ಕಡೆಗೆ ನಡೆದು ಬಂದವನು.

ಅವಳು ಚಾಪೆಯ ಬದಿಯಲ್ಲಿ ಕೂತು ಉಂಡೆಯನ್ನು ಬಿಚ್ಚಿದಳು. “ಕರುಣೆಯಿಂದ ಕೇಳಿದ್ದಲ್ಲ ತಾನೇ, ಈ ಹುರಿ?”

“ಅಲ್ಲವೇ ಅಲ್ಲ. ಎಲ್ಲ ಹುರಿಯೂ ಒಂದೇ ಕಡೆಗೆ ಹೊಸೆದದ್ದು. ಎಲ್ಲ ಒಂದೇ ಕಡೆಗೆ ಎಳೀತದೆ, ಚಾಪೆ ಮಗುಚುತ್ತದೆ. ನಡುನಡುವೆ ಎದುರು ಕಡೆಯದ್ದು ಬೇಕು. ಅದು ನಿಮ್ಮ ಹತ್ತಿರ ಮಾತ್ರ ಉಂಟು.”

ಇಬ್ಬರೂ ಕೂತು ಹೊಲಿಗೆ ಬಿಚ್ಚಿದರು. ಬಲದ್ದೊಂದು, ಎಡದ್ದೊಂದು. ಸಾಲು ಸಾಲಾಗಿ ಹೊಲಿಗೆ ಮುಂದುವರಿದಂತೆ ಏಳುತ್ತಿದ್ದ ಮೂಲೆಗಳು ಒಂದೊಂದಾಗಿ ನೆಲಕ್ಕೆ ಒರಗಿದವು. ಕೊನೆಯ ಗಂಟು ಹಾಕಿ ಇಬ್ಬರೂ ಕೈ ತೆಗೆದರು.

ಚಾಪೆ ಸುಮ್ಮನೆ ಮಲಗಿತ್ತು.

“ಚಹಾ ತಂದಿದ್ದೇನೆ,” ಎಂದು ಬಾಗಿಲಲ್ಲಿ ಕಿಟ್ಟಣ್ಣ. “ಈ ಸಲ ಸ್ಟೀಲ್ ಲೋಟ. ಯಾವ ಕೈಯಲ್ಲಿ ಬೇಕಾದರೂ ಕುಡಿಯಿರಿ.”

ಇಬ್ಬರೂ ಚಾಪೆಯ ಮೇಲೆ ಪಕ್ಕಪಕ್ಕ ಕೂತರು. ಅವಳ ಬಲಕ್ಕೆ ಅವನು. ಅನ್ವಿತಾಳ ಬಲಗೈ ಅಭ್ಯಾಸಬಲದಿಂದ ಲೋಟದ ಕಡೆಗೆ ಹೊರಟಿತು. ಅರ್ಧದಲ್ಲಿ ನಿಂತಿತು. ಪರರೆದುರು ಮೊದಲ ಬಾರಿಗೆ ಅವಳು ಎಡಗೈಯಲ್ಲಿ ಚಹಾ ಎತ್ತಿಕೊಂಡಳು. ಅವನು ಬಲಗೈಯಲ್ಲಿ.

“ನನ್ನನ್ನು ಕೇಳಲಿಕ್ಕೆ ಮನೆಗೆ ಬರುವಾಗ ಹೀಗೇ ಬಲಗೈಯಲ್ಲೇ ಕುಡಿಯಿರಿ, ಆಯ್ತಾ? ಅಜ್ಜಿ ಇರ್ತಾರೆ,” ಎಂದಳು ಲೋಟವನ್ನೇ ನೋಡುತ್ತಾ.

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವನ ಮುಖವಿಡೀ ನಗುವಾಯಿತು. “ಅಜ್ಜಿ ಎಡಗೈಗೆ ಒಪ್ಪುವುದಿಲ್ಲವಾ?”

“ಮೊನ್ನೆ ಎಲ್ಲ ಹೇಳಿಬಿಟ್ಟೆ, ಅವರು ದೇವರಿಗೆ ಏರಿಸಿದ ಮಲ್ಲಿಗೆ ನಾನು ಎಡಗೈಯಲ್ಲಿ ಕಟ್ಟಿದ್ದು ಅಂತ. ದೇವರ ಕೋಣೆಯ ಕಡೆಗೊಮ್ಮೆ ನೋಡಿದರು. ಮತ್ತೆ, ದೇವರಿಂದ ದೂರು ಎಂತ ಬರಲಿಲ್ಲ ಅಂದರು.”

ಅವನು ನಕ್ಕ. ಅವಳೂ ನಕ್ಕಳು. ಹೊರಗಿನ ಎರಡು ಕೈಗಳಲ್ಲಿ ಚಹಾ. ನಡುವೆ ಚಾಪೆಯ ಮೇಲೆ ಅವಳ ಬಲಗೈ, ಅವನ ಎಡಗೈ, ಎರಡೂ ಖಾಲಿ.

“ಈ ಕೈಗೆ ಇನ್ನು ಎಂತ ಕೆಲಸ?” ಎಂದು ಅವನು ತನ್ನ ಎಡಗೈಯನ್ನು ತೋರಿಸಿ ಮೆಲ್ಲನೆ ಕೇಳಿದ. “ಕಷ್ಟಪಟ್ಟು ಕಲಿಸಿದ್ದೇನೆ ಅದಕ್ಕೆ.”

ಅನ್ವಿತಾ ತನ್ನ ಬಲಗೈಯನ್ನು ಅದರೊಳಗಿಟ್ಟಳು.

“ಇದನ್ನು ಹಿಡಿದುಕೊಳ್ಳಲಿ,” ಎಂದಳು.