ತಣಿದಿದೆ ಎಂದವನು

“ಆ ಮಣ್ಣು ಮುಟ್ಟಬೇಡಪ್ಪ. ಅದಕ್ಕೆ ದಾಕ್ಷಿಣ್ಯ ಅನ್ನೋದೇ ಇಲ್ಲ.”

ಇಟ್ಟಿಗೆ ಗೂಡಿನ ಮೇಸ್ತ್ರಿ ನಕ್ಕುಬಿಟ್ಟ. ಮಾಟದಲ್ಲೇ ಮುಕ್ಕಾಲು ಆಯುಷ್ಯ ಕಳೆದು, ಈಗ ಜಪಮಾಲೆ ಹಿಡಿದು ಕುಳಿತಿದ್ದ ಆ ಮುದುಕಿಯ ಹೊಸ್ತಿಲನ್ನು ಅವನು ದಾಟಿದ್ದು ಅದೇ ಮೊದಲು. ಹೊರಗೆ ಉರಿಬಿಸಿಲು, ಕಿಟಕಿಯಿಲ್ಲದ ಕೋಣೆಯೊಳಗೆ ಕಗ್ಗತ್ತಲು. ಒದ್ದೆ ಬೂದಿಯ, ಕಮಟು ಎಣ್ಣೆಯ, ಸುಟ್ಟ ಕೂದಲಿನ ವಾಸನೆ. ಮೂಲೆಯ ಮಡಕೆಯಲ್ಲಿ ಕರಿಮಣ್ಣು ತಾನಾಗಿ ಉಸಿರಾಡುವಂತೆ ಮೆಲ್ಲನೆ ಬಿರಿಯುತ್ತಿತ್ತು.

“ದಾಕ್ಷಿಣ್ಯ ಇಲ್ಲದ್ದೇ ಬೇಕು ಅಜ್ಜಿ. ನಿಮ್ಮ ದೇವರಿಗೆ ಅದು ಜಾಸ್ತಿ. ನನ್ನ ತಮ್ಮ ಗೂಡಲ್ಲಿ ಬೆಂದು ಸತ್ತು ಮೂರು ವರ್ಷವಾಯ್ತು. ಅವಸರ ಮಾಡಿ ಕೊಂದ ಮಾಲೀಕ ದಿನೇದಿನೇ ಗುಂಡಗಾಗ್ತಿದ್ದಾನೆ. ದೇವರು ಇನ್ನೂ ಆಕಳಿಸ್ತಾನೇ ಇದ್ದಾನೆ.”

“ಅವನು ತಡಮಾಡ್ತಿರೋದು ಮಾಲೀಕನಿಗೋಸ್ಕರ ಅಂತ ನಿನಗ್ಯಾರು ಹೇಳಿದ್ರು?”

“ಮತ್ತೆ ನನಗೋಸ್ಕರವಾ?”

ಮುದುಕಿ ಮಡಕೆಗೆ ಅಡ್ಡವಾಗಿ ಕೈ ಚಾಚಿದಳು. “ಈ ಮಣ್ಣಲ್ಲಿ ಮಾಡಿದ ಗೊಂಬೆ ಯಾರ ಹೆಸರನ್ನೂ ಕೇಳಲ್ಲ ಕಣೋ. ಹೇಳಿದ ಪಾಪವನ್ನ ಹುಡುಕ್ಕೊಂಡು ಹೋಗುತ್ತೆ. ಅದಕ್ಕೇ ನಾನು ಕೈ ತೊಳಕೊಂಡದ್ದು.”

“ದೇವರೂ ಬುರುಡೆ, ಇದೂ ಬುರುಡೆ,” ಎಂದು ಅವನು ಮಡಕೆಗೆ ಕೈಹಾಕಿ ಒಂದು ಹಿಡಿ ಮಣ್ಣು ಬಾಚಿಕೊಂಡ.

ಭಗವಂತನ ಸಹನೆಯನ್ನು ಮರೆವೆಂದು ಬಗೆಯುವುದು ಮನುಷ್ಯನ ಹಳೆಯ ರೋಗ. ಆ ಸಹನೆಯ ನೆರಳಿನಲ್ಲಿ ತಾನೂ ನಿಂತಿರುವುದು ಅವನಿಗೆ ಕಾಣುವುದಿಲ್ಲ.

ಗೂಡಿಗೊಂದು ಕಟ್ಟಳೆಯಿತ್ತು. ಬೆಂಕಿ ಆರಿದ ಮೇಲೆ ಮೇಸ್ತ್ರಿ ಒಳಗೋಡೆಯನ್ನು ಮೂರು ಕಡೆ ಅಂಗೈಯಿಂದ ಮುಟ್ಟಿ ನೋಡಬೇಕು. ಅವನು “ತಣಿದಿದೆ” ಎಂದು ಕೂಗುವ ತನಕ ಯಾರೂ ಒಳಗೆ ಕಾಲಿಡಕೂಡದು. ತಮ್ಮ ಸತ್ತ ದಿನ ಮಾಲೀಕ ಅವಸರಪಡಿಸಿದ್ದು ನಿಜ. ಆದರೆ ಗೋಡೆಯನ್ನು ಮುಟ್ಟದೆಯೇ, ಬೀಡಿ ಸೇದುತ್ತ ಕುಳಿತಲ್ಲಿಂದಲೇ, “ತಣಿದಿದೆ” ಎಂದು ಕೂಗಿದವನು ಈ ಮೇಸ್ತ್ರಿ. ತಮ್ಮ ಒಳಹೊಕ್ಕ. ಕೆಂಡದಂಥ ಇಟ್ಟಿಗೆಯ ರಾಶಿ ಅವನ ಮೇಲೆ ಕುಸಿಯಿತು. ಅಣ್ಣ ಆ ಸತ್ಯವನ್ನು ಯಾರಿಗೂ ಹೇಳಲಿಲ್ಲ. ತಮ್ಮನ ಹೆಂಡತಿಗಂತೂ ಇಲ್ಲವೇ ಇಲ್ಲ. ಅವಳು ಪ್ರತಿದಿನ ಅವನಿಗೆ ಊಟ ಬಡಿಸುತ್ತಿದ್ದಳು. ಪ್ರತಿದಿನವೂ ಅವನು ತಲೆ ತಗ್ಗಿಸಿ ಉಂಡೇಳುತ್ತಿದ್ದ.

ನಡುಹಗಲಲ್ಲಿ, ಉರಿಯುವ ಗೂಡಿನ ಹಿಂದೆ ಕುಳಿತು ಗೊಂಬೆ ಮಾಡಿದ. ಉಗುರಿನಿಂದ ಬಾಯಿ ಕೊರೆದ.

“ಯಾರ ಮಾತು ನನ್ನ ತಮ್ಮನನ್ನು ಒಳಗೆ ಕಳಿಸಿತೋ, ಆ ನಾಲಿಗೆ ಸುಟ್ಟುಹೋಗಲಿ.”

ಬೆಂಕಿಯ ಕಂಡಿಯೊಳಕ್ಕೆ ಅದನ್ನು ಎಸೆದ. ಏನೂ ಆಗಲಿಲ್ಲ. ಅಂಗಳದಲ್ಲಿ ಮಾಲೀಕ ಎಂದಿನಂತೆ ಕೂಲಿಯವರ ಮೇಲೆ ಹರಿಹಾಯುತ್ತಿದ್ದ. “ಏ ಸೋಂಬೇರಿಗಳಾ, ಕಾಲು ಎತ್ತಿ ಹಾಕ್ರೋ!” ಮೇಸ್ತ್ರಿ ಕಾದ. ಆ ಗಂಟಲು ಬತ್ತಲಿಲ್ಲ. ಉಗುಳಿ ನಗಲು ಬಾಯಿ ತೆರೆದ.

ಬಾಯಲ್ಲಿ ಉಗುಳೇ ಇರಲಿಲ್ಲ.

ಸುಟ್ಟ ಮಾಂಸದ ವಾಸನೆ. ಹತ್ತಿರದಿಂದ. ತನ್ನೊಳಗಿಂದ. ನೀರಿನ ತೊಟ್ಟಿಗೆ ಮುಖ ಅದ್ದಿದ. ಬಾಯೊಳಗೆ ನೀರು ಚುಂಯ್‌ಗುಟ್ಟಿತು. ಹಬೆ ಎದ್ದಿತು. ಆಗ ಗೂಡಿನ ಬಾಗಿಲ ಕಡೆಯಿಂದ ಧ್ವನಿ. ಮೂರು ವರ್ಷದ ಹಿಂದಿನದು. ವಿಶ್ವಾಸ ತುಂಬಿದ್ದು.

“ಅಣ್ಣಾ, ಒಳಗೆ ಹೋಗಲಾ?”

ಬೇಡ ಎನ್ನಬೇಕು. ನಾಲಿಗೆ ಏಳಲಿಲ್ಲ. ಮತ್ತೆ ಕೂಗು. ಮತ್ತೆ. ಹೆಜ್ಜೆಯ ಸಪ್ಪಳ. ಇಟ್ಟಿಗೆ ಕುಸಿಯುವ ಸದ್ದು. ಆಮೇಲೆ ಆ ಚೀತ್ಕಾರ.

ಅವನು ನೆಲಕ್ಕೆ ಬಿದ್ದ. ಮಧ್ಯಾಹ್ನದ ಬುತ್ತಿ ತಂದಿದ್ದ ತಮ್ಮನ ಹೆಂಡತಿ ಓಡಿಬಂದಳು.

“ಭಾವ! ಏನಾಯ್ತು ಭಾವ?”

ಸತ್ಯ ಈಗ ತಾನಾಗಿ ಉಕ್ಕಿಬಂತು. ಮೊದಲ ಬಾರಿಗೆ ಅವನಿಗೆ ಹೇಳಬೇಕೆನಿಸಿತು. ಬಾಯಿಂದ ಬೂದಿಯ ಪುಡಿ ಮಾತ್ರ ಉದುರಿತು. ಅಕ್ಷರ ಬಾರದ ಕೈಯನ್ನೆತ್ತಿ, ಬೆರಳಿನಿಂದ ತನ್ನ ಎದೆಯನ್ನೇ ತಿವಿದು ತಿವಿದು ತೋರಿಸಿದ. ನಾನು. ನಾನು.

“ಎದೆನೋವಾ?” ಎಂದಳು ಅವಳು. ಸಂಕೋಚ ತೊರೆದು ಅವನ ಎದೆಯನ್ನು ನೀವತೊಡಗಿದಳು. “ಹೆದರ್ಬೇಡಿ ಭಾವ. ಅವರು ಹೋದ ಮೇಲೆ ನಮಗಿರೋರು ನೀವೊಬ್ರೇ.”