ಮರಳಿ ಬಂದವರ ಪರೀಕ್ಷೆ

‘ಕಳಪೆ’ ಎಂಬ ಆ ಒಂದು ಮಾತನ್ನು ಮೇಷ್ಟ್ರು ನುಂಗಿಕೊಳ್ಳಲು ನೋಡಿದ್ದರು, ಅದು ಗಂಟಲಿನಿಂದ ಕೆಳಗಿಳಿಯಲೇ ಇಲ್ಲ. ಇಲಾಖೆಯವರು ಅವರ ಶಾಲೆಗೆ ಎರಡು ಸಲ ಆ ಪಟ್ಟ ಕಟ್ಟಿದ್ದರು. ಹೋದ ವರ್ಷವೇ ಬೀಗ ಬೀಳಬೇಕಿತ್ತು. ಯಾರೋ ಪುಣ್ಯಾತ್ಮರು ಇನ್ನೊಂದು ವರ್ಷ ಕೊಡಿಸಿದ್ದರು. ಈ ಸಲವೂ ಅದೇ ಆದರೆ ಬಾಗಿಲು ಮುಚ್ಚಿದ ಹಾಗೆಯೇ.

ಅದು ಓದನ್ನು ಅರ್ಧಕ್ಕೆ ಬಿಟ್ಟು ದುಡಿಯಲು ಹೋದವರು ಮರಳಿ ಬಂದು ಕೂರುವ ಶಾಲೆ. ಇಟ್ಟಿಗೆ ಹೊರುವವನು, ಗಾರೆ ಕಲಸುವವನು, ಹೋಟೆಲಿನಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುವವಳು, ಆಸ್ಪತ್ರೆಯ ಹಾಸುಬಟ್ಟೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಒಗೆಯುವ ಹೆಂಗಸು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಲಾಂಡ್ರಿ ಅಕ್ಕ ಎಂದೇ. ಇಂಥವರನ್ನು ಇಲಾಖೆ ಅಳೆಯುತ್ತಿದ್ದದ್ದು ಮಾತ್ರ ಮುಖ್ಯರಸ್ತೆಯ ದೊಡ್ಡ ಶಾಲೆಯನ್ನು ಅಳೆಯುವ ಕೋಲಿನಿಂದ: ನೂರಕ್ಕೆ ಎಷ್ಟು ಜನ ಪಾಸು? ತನ್ನ ಹೆಸರು ಬರೆಯಲು ಬಾರದೆ ಬಂದವಳು ಈಗ ಬಸ್ಸಿನ ಬೋರ್ಡು ಓದಿಕೊಂಡು ಹತ್ತುತ್ತಾಳೆ ಎಂದರೆ ಆ ಲೆಕ್ಕದಲ್ಲಿ ಅದು ಸೊನ್ನೆ. ಆಮೆಯನ್ನೂ ಕುದುರೆಯನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಸೀಟಿ ಊದುವವರಿಗೆ ಏನು ಹೇಳುವುದು! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಮೇಷ್ಟ್ರು ತೀರ್ಮಾನಿಸಿದರು. ಜೀವನದಲ್ಲಿ ಒಂದು ಪೆನ್ಸಿಲನ್ನೂ ಕದ್ದವರಲ್ಲ ಅವರು. ಅದಕ್ಕೇ ಇರಬೇಕು, ಒಮ್ಮೆ ತೀರ್ಮಾನಿಸಿದ ಮೇಲೆ ಕೆಲಸ ಇಷ್ಟು ಹಗುರ ಅನ್ನಿಸಿದ್ದು.

ಹೆಂಡತಿಯ ತಮ್ಮ ಊರಿನ ಇನ್ನೊಂದು ತುದಿಯಲ್ಲಿ ಟ್ಯೂಷನ್ ನಡೆಸುತ್ತಿದ್ದ. ಅವನ ಹುಡುಗ ಹುಡುಗಿಯರಿಗೆ ಪರೀಕ್ಷೆ ಎಂದರೆ ನೀರು ಕುಡಿದಷ್ಟು ಸಲೀಸು. ಮೇಷ್ಟ್ರು ಹೇಳಿದ್ದನ್ನು ಕೇಳಿ ಅವನು ಬಾಯಿ ಬಿಟ್ಟುಕೊಂಡು ನಿಂತ.

“ಭಾವ, ನೀವಾ ಈ ಮಾತಾಡ್ತಿರೋದು? ಕಾಪಿ ಹೊಡೆದ ಅಂತ ನನ್ನ ಕಿವಿ ಹಿಂಡಿದ್ದು ನೀವೇ ತಾನೆ?”

“ಅದು ಬೇರೆ, ಇದು ಬೇರೆ ಕಣೋ. ನೀನು ನಿನಗೋಸ್ಕರ ಹೊಡೆದಿದ್ದೆ.”

“ಸಿಕ್ಕಿಹಾಕ್ಕೊಂಡ್ರೆ?”

“ಸಿಕ್ಕಿಹಾಕ್ಕೊಳ್ಳೋರು ಅರೆಬರೆ ಕೆಲಸ ಮಾಡೋರು,” ಎಂದರು ಮೇಷ್ಟ್ರು.

ಅವರದ್ದು ಅರೆಬರೆ ಕೆಲಸವಾಗಿರಲಿಲ್ಲ. ಪ್ರವೇಶಪತ್ರಕ್ಕೆ ಫೋಟೊ ಅಂಟಿಸುವವರು ಅವರೇ, ಮೇಲೆ ಮೊಹರು ಒತ್ತುವವರೂ ಅವರೇ. ತನ್ನ ವಿದ್ಯಾರ್ಥಿಗಳ ಹೆಸರು, ಟ್ಯೂಷನ್ನಿನವರ ಮುಖ. ವಯಸ್ಸು ಹೊಂದುವವರನ್ನೇ ಆರಿಸಿದರು. ಲಾಂಡ್ರಿ ಅಕ್ಕನ ಜಾಗಕ್ಕೆ ಟ್ಯೂಷನ್ನಿನಲ್ಲಿ ಪಾಠ ಹೇಳುವ ಹೆಂಗಸೇ ಸಿಕ್ಕಳು. ಬಾಮೈದ ಅವರನ್ನೆಲ್ಲ ಏನು ಹೇಳಿ ಒಪ್ಪಿಸಿದನೋ, ಮೇಷ್ಟ್ರು ಕೇಳಲಿಲ್ಲ. ಕೇಳದಿರುವುದೇ ಒಳ್ಳೆಯದು ಅನ್ನಿಸಿತು.

ಆಮೇಲೆ ಅವರಿಗೆ ತಾಲೀಮು ಕೊಟ್ಟರು. ಯಾರೂ ಪೂರ್ತಿ ಅಂಕ ತೆಗೆಯಕೂಡದು, ಭಿನ್ನರಾಶಿಯಲ್ಲಿ ಬೇಕೆಂದೇ ಎಡವಬೇಕು. ಮುಂದಿನ ಬೆಂಚಿಗೆ ನುಗ್ಗಬಾರದು, ಮರಳಿ ಬಂದವರು ಗೋಡೆಯ ಪಕ್ಕ ಹುಡುಕುತ್ತಾರೆ. ಹೆಸರು ಕರೆದ ತಕ್ಷಣ ‘ಎಸ್ ಸರ್’ ಎಂದು ನೆಗೆಯಬಾರದು. ತನ್ನನ್ನೇ ಕರೆದದ್ದೋ ಎಂಬ ಹಾಗೆ ಒಂದು ಕ್ಷಣ ತಡೆದು ತಲೆಯೆತ್ತಬೇಕು. ಇಸ್ತ್ರಿ ಮಾಡಿದ ಅಂಗಿ ಬೇಡ. ಕಾಲಿಗೆ ಸವೆದ ಚಪ್ಪಲಿ. ಹೀಗೆ ಹೇಳಿಕೊಡುವಾಗ ತನ್ನ ವಿದ್ಯಾರ್ಥಿಗಳನ್ನು ತಾನು ಎಷ್ಟು ಚೆನ್ನಾಗಿ ಬಲ್ಲೆನಲ್ಲ ಎಂದು ಮೇಷ್ಟ್ರಿಗೆ ಹೆಮ್ಮೆಯಾಯಿತು.

ಉಳಿದದ್ದು ಬೆರಳಚ್ಚಿನ ಯಂತ್ರ. ಹೋದ ವರ್ಷ ಹೆಸರು ನೋಂದಾಯಿಸಲು ಇಲಾಖೆಯ ಅಧಿಕಾರಿ ಅದನ್ನು ಹೊತ್ತು ತಂದಾಗ ಅದು ಈ ಶಾಲೆಯ ಒಂದು ಬೆರಳನ್ನೂ ಹಿಡಿದಿರಲಿಲ್ಲ. ಕೊನೆಗೆ ಅವರು ಬೇಸತ್ತು ಸಹಿ ಹಾಕಿಸಿಕೊಂಡು ಹೋಗಿದ್ದರು. ಯೋಜನೆಯಲ್ಲಿ ಮೇಷ್ಟ್ರಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದೇ. ಹಳೆಯ ಅಚ್ಚು ಇದ್ದರಲ್ಲವೇ ಹೊಸದು ತಾಳೆಯಾಗದಿರುವುದು? ಯಂತ್ರದ ಹೊಟ್ಟೆ ಖಾಲಿ. ಈಗ ಯಾರು ಬೆರಳಿಟ್ಟರೆ ಅವರೇ ಇಟ್ಟಿಗೆ ಹೊರುವವನು, ಅವರೇ ಲಾಂಡ್ರಿ ಅಕ್ಕ. ಇಲಾಖೆಯ ಯಂತ್ರವೇ ಮುಂದೆ ತನ್ನ ಪರವಾಗಿ ಸಾಕ್ಷಿ ಹೇಳುತ್ತದೆ ಎಂದು ನೆನೆದು ಅವರು ಒಬ್ಬರೇ ನಕ್ಕರು.

ಕಷ್ಟವಾದದ್ದು ತನ್ನವರನ್ನು ದೂರ ಇಡುವುದು. ಪರೀಕ್ಷೆ ಮುಂದಕ್ಕೆ ಹೋಗಿದೆ, ಆ ದಿನ ಶಾಲೆಗೆ ರಜೆ ಎಂದು ತರಗತಿಯಲ್ಲಿ ಹೇಳಿದರು. ಹಲವರು ‘ಅಬ್ಬಾ, ಬದುಕಿದೆವು’ ಎಂದು ಎದ್ದು ಹೋದರು. ಲಾಂಡ್ರಿ ಅಕ್ಕ ಮಾತ್ರ ಕೂತೇ ಇದ್ದಳು.

“ನಿಜಾನಾ ಸಾರ್? ನಾನು ಕೈಕಾಲು ಹಿಡಿದು ರಜಾ ತಗೊಂಡಿದ್ದೆ.”

“ಮೇಲಿನವರ ತೀರ್ಮಾನ ಕಣಮ್ಮ. ನನ್ನ ಕೈಲೇನಿದೆ?”

“ಫೇಲಾದ್ರೂ ಪರವಾಗಿಲ್ಲ ಸಾರ್. ಒಂದ್ಸಲ ಕೂತು ಬರೀಬೇಕು ಅಂತಿತ್ತು. ನನ್ನ ಮಗಳು ಅವಳ ಪೆನ್ನು ಕೊಟ್ಟಿದ್ಲು.”

ಅವಳು ಆ ಪೆನ್ನನ್ನು ಮತ್ತೆ ಚೀಲದೊಳಗೆ ಹಾಕಿಕೊಂಡಳು. ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸಿದರು. ಥೂ, ನನ್ನ ಜನ್ಮಕ್ಕಿಷ್ಟು, ಎಂದುಕೊಂಡರು. ಆದರೆ ಶಾಲೆಯೇ ಇಲ್ಲವಾದರೆ ಇವಳು ಎಲ್ಲಿ ಕೂತು ಬರೆಯುತ್ತಾಳೆ? ಶಾಲೆ ಉಳಿಯಲಿ, ಮುಂದಿನ ವರ್ಷ ಬರೆಯಲಿ. ಈ ಸಮಾಧಾನವನ್ನು ಅವರು ಮನೆ ತಲುಪುವವರೆಗೂ ತಮಗೆ ತಾವೇ ಹೇಳಿಕೊಂಡರು.

ಪರೀಕ್ಷೆಯ ದಿನ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಹೋದ ವರ್ಷದ ಅಧಿಕಾರಿಯೇ ಬಂದಿದ್ದರು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವ ಮೇಡಂ. “ಏನ್ ಮೇಷ್ಟ್ರೇ, ಸೊರಗಿಬಿಟ್ಟಿದ್ದೀರಲ್ಲ,” ಎಂದು ನಗುತ್ತಾ ಬಾಗಿಲ ಬಳಿಯ ಮೇಜಿನ ಮೇಲೆ ಯಂತ್ರವನ್ನಿಟ್ಟು ಕೂತರು. ಸವೆದ ಚಪ್ಪಲಿಗಳು ಸಾಲಾಗಿ ನಿಂತವು. ಒಬ್ಬೊಬ್ಬರೂ ತಡೆದು ತಲೆಯೆತ್ತಿದರು. ವರ್ಷದ ಹಿಂದೆ ಒಮ್ಮೆ ಕಂಡ ಮುಖಗಳು ಮೇಡಂಗೆ ನೆನಪಿದ್ದಂತಿರಲಿಲ್ಲ, ಫೋಟೊ ನೋಡಿ, ಮುಖ ನೋಡಿ, ಒಳಗೆ ಬಿಟ್ಟರು. ಒಳಗೆ ಹೋದವರು ಗೋಡೆಯ ಪಕ್ಕವನ್ನೇ ಹುಡುಕಿ ಕೂತರು. ಮೊದಲನೆಯವನು ಬೆರಳಿಟ್ಟಾಗ ಯಂತ್ರ ‘ಟಿಂಗ್’ ಎಂದು ಹಸಿರು ದೀಪ ತೋರಿಸಿತು. ಎರಡನೆಯವಳಿಗೂ ಟಿಂಗ್. ಮೂರನೆಯವನಿಗೂ ಟಿಂಗ್. ಎಷ್ಟು ಸರಾಗ ಎಂದು ಮೇಷ್ಟ್ರು ಕಂಬಕ್ಕೆ ಒರಗಿ ಉಸಿರು ಬಿಟ್ಟರು.

ಸಾಲು ಅರ್ಧ ಕರಗುವಷ್ಟರಲ್ಲಿ ಮೇಡಂ ಮುಖದ ನಗು ಆರಿತ್ತು. ‘ಲಾಂಡ್ರಿ ಅಕ್ಕ’ ಬೆರಳಿಟ್ಟಳು, ಟಿಂಗ್ ಎಂದಿತು. ಮೇಡಂ ಕನ್ನಡಕ ಏರಿಸಿ ಅವಳ ಕೈ ಹಿಡಿದು ಅಂಗೈ ಮೇಲೆ ಮಾಡಿದರು. ಮೆತ್ತನೆಯ ಬೆರಳು, ತುದಿಯಲ್ಲಿ ಸ್ಪಷ್ಟವಾದ ಸುರುಳಿ ಗೆರೆಗಳು. ಆ ಕೈಯನ್ನು ಬಿಡದೆಯೇ ಅವರು ಮೇಷ್ಟ್ರ ಕಡೆ ತಿರುಗಿದರು. “ಹೋದ ವರ್ಷ ಮಧ್ಯಾಹ್ನದ ತನಕ ಇದೇ ಯಂತ್ರ ಇಟ್ಕೊಂಡು ಒದ್ದಾಡಿದ್ದೆ. ಯಂತ್ರ ಕೆಟ್ಟಿದೆ ಅಂತ ನಾನಂದಾಗ ನೀವೇ ಅಲ್ವಾ ಮೇಷ್ಟ್ರೇ ಹೇಳಿದ್ದು? ‘ಯಂತ್ರ ಸರಿಯಾಗೇ ಇದೆ ಮೇಡಂ, ನನ್ನ ಮಕ್ಕಳ ಬೆರಳಿನ ಗೆರೆಗಳನ್ನ ಕೆಲಸ ತಿಂದುಹಾಕಿದೆ’ ಅಂತ. ಆ ಮಾತು ಕೇಳಿ ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಅದಕ್ಕೇ ಅವರಿವರ ಹತ್ರ ಜಗಳ ಆಡಿ ಈ ಶಾಲೆಗೆ ಇನ್ನೊಂದು ವರ್ಷ ಕೊಡಿಸಿದೆ,” ಎಂದರು. ಮೇಷ್ಟ್ರು ಒರಗಿದ್ದ ಕಂಬ ಬಿಟ್ಟು ನೆಟ್ಟಗೆ ನಿಂತರು. ಹಿಂದೆ ನಿಂತಿದ್ದವನು ಇದೇನೂ ತಿಳಿಯದೆ, ತನ್ನ ಸರದಿ ಬಂತೆಂದು ಬೆರಳು ಚಾಚಿ ಯಂತ್ರದ ಮೇಲಿಟ್ಟ. ಅದು ಹಸಿರು ದೀಪ ತೋರಿಸಿ ‘ಟಿಂಗ್’ ಎಂದಿತು.